ಒಂದು ಕಿಲೋ ಮಗುವಿನ ಮೂಗಿಗೆ ನಳಿಕೆಯೇ ಮೊದಲೇಕೆ?

ನವಜಾತ ಶಿಶು ವಿಭಾಗದ ನಿರ್ದೇಶಕರೇ,

ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಹೊಟ್ಟೆಯ ಹುಳಿ ಗಂಟಲಿಗೆ ಮರಳುತ್ತಿದೆಯೇ ಎಂದು ತಿಳಿಯಲು ನಿಮ್ಮ ಸುತ್ತೋಲೆ ಒಪ್ಪುವುದು ಒಂದೇ ದಾರಿ: ಮೂಗಿನಿಂದ ಅನ್ನನಾಳಕ್ಕೆ ಹುಳಿ ಅಳೆಯುವ ನಳಿಕೆ ಇಳಿಸಿ ಇಡೀ ದಿನ ಬಿಡುವುದು. ಹಾಲು ಕುಡಿಸಿದ ಮೇಲೆ ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡುವುದು, ಕುಡಿಸುವ ಭಂಗಿ ಬದಲಿಸಿ ಕೆಲವು ದಿನ ಗಮನಿಸುವುದು, ನರ್ಸುಗಳು ಬರೆದಿಟ್ಟ ವಿವರ, ಇವೆಲ್ಲ ನಿಮ್ಮ ಭಾಷೆಯಲ್ಲಿ ‘ಪೂರಕ ಮಾಹಿತಿ’. ಮಗುವನ್ನು ನೋಯಿಸದೆ ತಿಳಿದದ್ದು ತಿಳಿವಳಿಕೆಯೇ ಅಲ್ಲವೇನೋ! ಸ್ಕ್ಯಾನ್ ಯಂತ್ರ ವಾರ್ಡಿನ ಮೂಲೆಯಲ್ಲೇ ಇತ್ತು. ಅದರ ಮೇಲೆ ಡೈಪರ್ ಪೊಟ್ಟಣಗಳನ್ನು ಪೇರಿಸಿದ್ದರು.

ನಾನು ವೈದ್ಯೆಯಲ್ಲ. ಹಾಲು ಮೇಲೆ ಬಂದದ್ದನ್ನು ಸ್ಕ್ಯಾನ್ ತೋರಿಸುತ್ತದೆ, ಅದೆಷ್ಟು ಹುಳಿ ಎಂದು ಹೇಳಲಾರದು ಎಂಬುದು ಗೊತ್ತು. ಕೆಲವು ಮಕ್ಕಳಿಗೆ ನಳಿಕೆ ಬೇಕೇ ಆಗಬಹುದು. ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಅವಧಿಗೆ ಮುನ್ನ ಹಡೆದ ಮಗಳು ನಿಮ್ಮ ವಾರ್ಡಿನಲ್ಲೇ ಅದನ್ನು ತಡೆದುಕೊಂಡಳು. ಆ ಧೈರ್ಯವೇ ನನ್ನನ್ನು ಕೆಡಿಸಿತು.

ಪಕ್ಕದ ಮಗುವಿನ ತಾಯಿ ಬಟ್ಟೆ ಹೊಲಿಯುವವಳು. ಕಿಲೋ ದಾಟದ ಮಗನನ್ನು ಗುಂಡ ಎಂದು ಕರೆಯುತ್ತಿದ್ದಳು.

“ಇವನಾ ಗುಂಡ? ಒಂದು ಹಿಡಿ ಇಲ್ಲ!” ಎಂದು ನರ್ಸು ಛೇಡಿಸಿದರೆ, “ಆಡ್ಕೋಬೇಡಿ ಸಿಸ್ಟರ್, ಕುಲಾವಿ ಎರಡು ಸೈಜ್ ದೊಡ್ಡದೇ ಹೊಲಿದಿಟ್ಟಿದ್ದೀನಿ” ಎನ್ನುವಳು.

ನಳಿಕೆಯ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ನನ್ನ ಕೈಗಿತ್ತಳು.

“ಅಕ್ಕಾ, ಏನು ಬರೆದಿದ್ದಾರೆ?”

“ಏನಿಲ್ಲಮ್ಮ, ಮಾಮೂಲು. ಸಹಿ ಹಾಕು.”

ಉಸಿರು ನಿಲ್ಲಬಹುದು, ಹೃದಯದ ಬಡಿತ ಇಳಿಯಬಹುದು ಎಂದು ಮೂರನೆಯ ಪ್ಯಾರಾದಲ್ಲಿತ್ತು. ಅವಳು ಹೆದರುತ್ತಾಳೆಂದು ಬಿಟ್ಟೆ, ಎಂದುಕೊಂಡಿದ್ದೆ. ಅದನ್ನು ನನ್ನ ಬಾಯಿಂದಲೇ ಕೇಳಲು ಹೆದರಿದವಳು ನಾನು ಎಂದು ಈಗ ಅನ್ನಿಸುತ್ತದೆ.

ನಳಿಕೆ ಇಳಿಸುವಾಗ ಗುಂಡನ ಉಸಿರು ನಿಂತಿತು. ಮರಳಿ ತಂದರು. ಮೂರನೆಯ ದಿನ ಹೋಗಿಬಿಟ್ಟ. ನಳಿಕೆಯಿಂದಲೇ ಎಂದು ನಾನು ಹೇಳಲಾರೆ. ಅಲ್ಲ ಎಂದು ನೀವು ಹೇಗೆ ಹೇಳುತ್ತೀರಿ? ಹೀಗೇಕಾಯಿತು ಎಂದು ಕೇಳಿ ಅವಳು ಕೊಟ್ಟ ಅರ್ಜಿಗೆ ನಿಮ್ಮ ಉತ್ತರ ಒಂದೇ ಸಾಲು: “ಅಪಾಯಗಳನ್ನು ಅರಿತು ತಾಯಿಯೇ ಸಹಿ ಮಾಡಿರುತ್ತಾರೆ.” ಅಂದಿನಿಂದ ಅವಳು ಯಾರನ್ನೂ ದೂರುವುದಿಲ್ಲ, ಸಹಿ ಹಾಕಿದ ತನ್ನ ಬಲಗೈಯನ್ನೇ ನೋಡುತ್ತಿರುತ್ತಾಳೆ.

ಅರಿತಿರಲಿಲ್ಲ, ಮಾನ್ಯರೇ. ಅರಿಯಲು ನಾನು ಬಿಡಲಿಲ್ಲ. ಯಾರು ಓದಿ ಹೇಳಿದರು ಎಂದು ನಿಮ್ಮವರೂ ಕೇಳಲಿಲ್ಲ. ಆ ಸಹಿಯನ್ನು ನಿಮ್ಮ ಗುರಾಣಿ ಮಾಡಿಕೊಳ್ಳಬೇಡಿ.

ಈ ಪತ್ರವನ್ನು ಅಚ್ಚಿಗೆ ಕೊಡುವ ಮುನ್ನ ಅವಳ ಅಂಗಡಿಗೆ ಹೋಗಿ ಓದಿದೆ, ಅವತ್ತು ಬಿಟ್ಟಿದ್ದ ಪ್ಯಾರಾ ಸಮೇತ. ಮಷಿನ್ ನಿಲ್ಲಿಸಿ ಕೇಳಿದಳು.

“ಅವತ್ತೇ ಇಷ್ಟು ಓದಿ ಹೇಳಿದ್ದಿದ್ರೆ, ಮೊದಲು ಆ ಸ್ಕ್ಯಾನ್ ಮಾಡಿ ನೋಡಿ ಅಂತ ಕೇಳ್ತಿದ್ದೆ ಅಕ್ಕಾ.”

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನೋಯಿಸದ ಪರೀಕ್ಷೆ ಮೊದಲು, ಅದು ಸಾಲದಿದ್ದರೆ ಮಾತ್ರ ನಳಿಕೆ ಎಂದು ಸುತ್ತೋಲೆ ತಿದ್ದಿ. ಒಪ್ಪಿಗೆ ಪತ್ರ ತಾಯಿಯ ಭಾಷೆಯಲ್ಲಿರಲಿ. ನಿಮ್ಮ ಉತ್ತರದಿಂದ ‘ಅರಿತು’ ಎಂಬ ಪದವನ್ನು ಹೊಡೆದುಹಾಕಿ, ಅವಳಿಗೆ ಇನ್ನೊಂದು ಉತ್ತರ ಬರೆಯಿರಿ. ತಪ್ಪು ಅವಳದಲ್ಲ ಎಂದು ನಾನು ಹೇಳಿದರೆ ಅವಳು ನಂಬುತ್ತಿಲ್ಲ.

ಇಂತಿ,
ಎರಡು ಭಾಷೆ ಬಲ್ಲ, ಬೇಕಾದಾಗ ಬಾಯಿ ಬಿಡದ
ಒಬ್ಬ ತಾಯಿ