ಲಿಂಗಕ್ಕೆ ತೋರಿಸಿದ ಗುಳಿಗೆ

ಸಿಂಧನೂರು
7 ಆಗಸ್ಟ್ 1991, ಬುಧವಾರ

ಮಸ್ಕಿಯ ಅವ್ವನಿಗೆ ವೀರಭದ್ರಮ್ಮನ ಶರಣಾರ್ಥಿ.

ತಂಗಿ ಪಂಪಮ್ಮ ನನ್ನ ಮನೆಯಲ್ಲೇ ಇದ್ದಾಳೆ. ಊಟ ಮಾಡುತ್ತಾಳೆ. ಪಂಚಮಿಗೆ ಅವಳೊಬ್ಬಳನ್ನೇ ಬಸ್ಸು ಹತ್ತಿಸಿ ಕಳಿಸು ಎಂದು ಬರೆದಿದ್ದೀಯ. ಕಳಿಸುವುದಿಲ್ಲ. ಕಾರಣವನ್ನು ಪೂರ್ತಿ ಓದು.

ಹೆತ್ತ ಕೂಸು ಹೋದ ಮೇಲೆ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನೀನು ನೋಡಿದ್ದೀಯ. ಪ್ರತಿ ಗುರುವಾರ ಬಳ್ಳಾರಿಯಿಂದ ಇಲ್ಲಿಗೆ ಬರುವ ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದನ್ನು ನಿನಗೆ ತಿಳಿಸಿರಲಿಲ್ಲ. ಅವರು ಅವಳಿಗೆ ಕೊಟ್ಟದ್ದು ನಿದ್ದೆಯ ಗುಳಿಗೆಯಲ್ಲ. ಮಿದುಳಿನಲ್ಲಿ ಒಂದು ನರದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ರಸ ಬೇಗ ಇಂಗಿಹೋಗದಂತೆ ತಡೆಯುತ್ತದೆ. ಗುಣ ಕಾಣಲು ವಾರಗಳೇ ಬೇಕು. ಅದಕ್ಕೂ ಮೊದಲೇ ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ಎದ್ದು ನಿಂತರೆ ತಲೆ ತಿರುಗುತ್ತದೆ. "ಕೈಕಾಲಿಗೆ ಮೊದಲು ಕಸುವು ಬರ್ತದ, ಮನಸ್ಸು ಹಿಂದಿಂದ ಬರ್ತದ. ಆ ನಡುವಿನ ದಿನದಾಗ ಆಕಿ ಮ್ಯಾಲೆ ಕಣ್ಣಿರಲಿ. ಗುಳಿಗಿ ಕೀಲಿ ಹಾಕಿ ಇಡ್ರಿ, ಒಮ್ಮೆಲೆ ನುಂಗಿದ್ರ ಎದಿ ನಿಂತುಬಿಡ್ತದ," ಎಂದಿದ್ದರು.

ಕೀಲಿ ನನ್ನ ಸೊಂಟದಲ್ಲೇ ಇದೆ. ಒಂದೊಂದೇ ಗುಳಿಗೆಯನ್ನು ನಾನೇ ಅವಳ ಕೈಗೆ ಹಾಕಿದ್ದೇನೆ. ಲಿಂಗಕ್ಕೆ ತೋರಿಸದೆ ಏನನ್ನೂ ಬಾಯಿಗಿಡದ ಮನೆ ನಮ್ಮದು. ಗುಳಿಗೆಯನ್ನೂ ಅವಳು ಪೂಜೆಯ ಕೋಣೆಗೆ ಒಯ್ದು, ಲಿಂಗಕ್ಕೆ ತೋರಿಸಿ ನುಂಗುತ್ತೇನೆ ಎಂದಳು. ನೀನು ಬಂದಾಗ ಅದನ್ನು ಕಂಡು ಹಿಗ್ಗಿದ್ದೆ. ಪಕ್ಕದ ಮನೆಯ ಖಾತೂನ್‌ಬೀ ಮಾತ್ರ ಚಾಷ್ಟಿ ಮಾಡಿದ್ದಳು: "ನಿಮ್ಮ ದೇವರಿಗೂ ತಲಿ ಕೆಟ್ಟದೇನ ಬೇ, ಗುಳಿಗಿ ತಿನಸಾಕತ್ತೀರಿ?" ನಾವೆಲ್ಲ ನಕ್ಕೆವು. ಪೂಜೆಗೆ ಕೂತವರನ್ನು ಯಾರು ಇಣುಕಿ ನೋಡುತ್ತಾರೆ?

ಮೊದಮೊದಲು ಅವಳಿಗೆ ತಂಬಿಗೆ ನೀರು ಸಾಲುತ್ತಿರಲಿಲ್ಲ. ಗೋಡೆ ಹಿಡಿದು ಏಳುತ್ತಿದ್ದಳು. ಈಗ ನೀರು ಕೇಳುವುದೇ ಇಲ್ಲ. ಸರ್ರನೆ ಎದ್ದು ನಡೆಯುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ನಗುತ್ತಾಳೆ. ಗುಳಿಗೆ ಹತ್ತಿತು ಎಂದು ನಮ್ಮವರಿಗೆ ಸಮಾಧಾನ. ಅವಳ ಬಾಯಿ ಒಣಗುವುದು ಯಾಕೆ ನಿಂತಿತು ಎಂಬುದೊಂದೇ ನನ್ನ ತಲೆಯಲ್ಲಿ ಕೂತಿದೆ. ನಿನ್ನೆ ಮದುವೆಯ ಇಳಕಲ್ ಸೀರೆಯನ್ನು ಖಾತೂನ್‌ಬೀಯ ಮಗಳಿಗೆ ಕೊಟ್ಟುಬಿಟ್ಟಳು. ಯಾಕೆಂದು ಕೇಳಿದರೆ, ಪೆಟ್ಟಿಗೆಯಲ್ಲಿ ಇದ್ದು ಏನು ಮಾಡುತ್ತದೆ ಎಂದಳು.

ನಾಳೆ ಡಾಕ್ಟರು ಬರುವ ದಿನ. ಇಷ್ಟನ್ನೂ ಹೇಳಿ, ಅವರ ಮಾತು ಕೇಳಿ, ಮತ್ತೆ ಬರೆಯುತ್ತೇನೆ.

ನಿನ್ನ ಮಗಳು,
ವೀರಭದ್ರಮ್ಮ

ತಾ.ಕ.: ಈಗಷ್ಟೇ ಪಂಪಮ್ಮ ಬಂದು ಯಾರಿಗೆ ಕಾಗದ ಎಂದು ಕೇಳಿದಳು. ಅವ್ವನಿಗೆ ಎಂದೆ. "ನನ್ನ ಹಾದಿ ನೋಡಬ್ಯಾಡ ಅಂತ ಬರಿ, ಅಕ್ಕ," ಎಂದು ನಗುತ್ತ ಬಚ್ಚಲಿಗೆ ಹೋದಳು. ದಿನಾ ಗುಳಿಗೆಯ ಜೊತೆ ಪೂಜೆಗೆ ಒಯ್ಯುವ ಅವಳ ವಿಭೂತಿಯ ಚೀಲ ಗೂಟದಲ್ಲಿದೆ. ಒಬ್ಬರ ಪೂಜೆಯ ಚೀಲವನ್ನು ಇನ್ನೊಬ್ಬರು ಮುಟ್ಟಬಾರದೆಂದು ಕಲಿಸಿದವಳು ನೀನೇ. ನಾಳೆಯವರೆಗೆ ಕಾಯುವುದಿಲ್ಲ, ಅವ್ವ. ಪೆನ್ನು ಕೆಳಗಿಟ್ಟು ಆ ಚೀಲ ಬಿಚ್ಚುತ್ತೇನೆ.