ಸಮಾಧಿಯ ಮೇಲಿನ ನಾಲ್ಕು ಮೊಟ್ಟೆ

ಬೀಳಗಿ

ಪೂಜ್ಯ ಭಾವನವರಾದ ಶಿದ್ರಾಮಪ್ಪನವರಿಗೆ ಇಂದ್ರವ್ವನ ಶರಣು.

ನಿಮ್ಮ ತಮ್ಮನ ಸಮಾಧಿಗೆ ಯುಗಾದಿಯೊಳಗೆ ಕಲ್ಲು ಹಾಕಲೆಂದು ನೀವು ಕಳಿಸಿದ್ದ ಗೌಂಡಿ ನಿನ್ನೆ ಬಂದಿದ್ದ. ನಾನೇ ವಾಪಸ್ ಕಳಿಸಿದೆ, ಸಿಟ್ಟಾಗಬೇಡಿ. ಬೇವಿನ ಹೂವು ಉದುರಿದ ಆ ಮಣ್ಣಿನ ಮೇಲೆ ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿದೆ. ಅದು ತಲೆಗೇ ಎರಗಿದ್ದಕ್ಕೆ ಗೌಂಡಿ ಕರಣಿ ಬಿಟ್ಟು ಓಡಿದ. "ಅಕ್ಕಾರ, ಇದು ನಿಮ್ಮ ಯಜಮಾನ್ರಕಿಂತ ಜೋರ್ ಐತ್ರಿ" ಅಂದ. ಬಹಳ ದಿನಕ್ಕೆ ನಕ್ಕೆ.

ಮರಿ ಓಡಾಡುವವರೆಗೆ, ಒಂದು ತಿಂಗಳು, ಕಲ್ಲು ನಿಮ್ಮಲ್ಲಿ ಜಮಖಂಡಿಯಲ್ಲೇ ಇರಲಿ. ನೋಡಲು ಬರುವುದಾದರೆ ತಲೆಗೆ ಪಟಗ ಸುತ್ತಿಕೊಂಡು ಬನ್ನಿ.

ನಮಗಂತೂ ಮಕ್ಕಳಾಗಲಿಲ್ಲ. ನಿಮ್ಮ ತಮ್ಮನನ್ನು ನಮ್ಮ ಪದ್ಧತಿಯಂತೆ ಕುಣಿಯಲ್ಲಿ ನೀವೇ ಕೂರಿಸಿ ಮಣ್ಣು ಕೊಟ್ಟಿರಿ. ಕೂತಲ್ಲೇ ಈಗ ಅವರ ಮಡಿಲು ತುಂಬಿದೆ.

ನಿಮ್ಮ ತಮ್ಮನ ಹೆಂಡತಿ,
ಇಂದ್ರವ್ವ