ಅಜ್ಜಿಯ ಪಟ್ಟೆ ಕಾಲುಚೀಲ

ಭಾನುವಾರ, ಸಂಜೆ

ವಾರವಿಡೀ ಅಂಗಡಿಯಲ್ಲಿ ಕಂಡವರ ಮೂಗಿಗೆ ಕನ್ನಡಕ ಏರಿಸಿ ಸಾಕಾಗಿತ್ತು. ನಾದಿನಿ ಬಿಡಬೇಕಲ್ಲ — ಹೆರಿಟೇಜ್ ಹಳ್ಳಿಗೆ ಎಳೆದುಕೊಂಡು ಹೋದಳು. ಟಿಕೆಟ್ ತಗೊಂಡು ಊರೊಳಗೆ ಕಾಲಿಟ್ಟಿದ್ದು ಇದೇ ಮೊದಲು. ನೇಕಾರರ ಬೀದಿ ಇಷ್ಟವಾಯಿತು. ಅಲ್ಲೊಂದು ಪದ್ಧತಿ. ಬೀದಿಗೇ ಹಿರಿಯಳು ಬೆಳಿಗ್ಗೆ ಜಗಲಿಯಲ್ಲಿ ಕೂತು ಮೊದಲ ಎಳೆ ನೂಲಬೇಕು. ಅದನ್ನು ಬಾಗಿಲಿಗೆ ಕಟ್ಟಿದ ಮೇಲೆಯೇ ಉಳಿದವರ ಮಗ್ಗ ಶುರು. ಈಗ ನೂಲುವ ಅಜ್ಜಿಗೆ ಹಳೇ ಕಾಲದ ಉಡುಪು, ಬರಿಗಾಲು. ಹೊಸ ಕಾಲದ್ದೇನೂ ಪ್ರವಾಸಿಗರ ಕಣ್ಣಿಗೆ ಬೀಳಕೂಡದು — ಹಳ್ಳಿ ನಡೆಸುವ ಕಮಿಟಿಯ ಕಟ್ಟಪ್ಪಣೆ.

ಬಸ್ಸಿನ ಓಲಾಟಕ್ಕೆ ನನಗೆ ಹೊಟ್ಟೆ ತೊಳಸಿತ್ತು. ಅಜ್ಜಿಯೇ ಕೈಹಿಡಿದು ಒಳಗೆ ಕರೆದೊಯ್ದರು, ಚಾಪೆ ಹಾಸಿದರು. ತಾವೂ ಕೂತು ಪಟ್ಟೆಪಟ್ಟೆ ಕಾಲುಚೀಲ ಏರಿಸಿದರು!

“ಮೊಮ್ಮಗನ ಫುಟ್‌ಬಾಲ್‌ದು ಕಣಮ್ಮ. ಕಲ್ಲು ನೆಲ, ಹಿಮ್ಮಡಿ ಒಡೆದು ರಕ್ತ ಬರುತ್ತೆ. ಕಮಿಟಿಯವರ ಕಿವಿಗೆ ಹಾಕ್ಬೇಡ ಮತ್ತೆ.”

ಕಣ್ಣು ಮಂಜು ಅಂದರು. ಕನ್ನಡಕ ತಂದುಕೊಡುತ್ತೇನೆ ಅಂದೆ. ಅವರು ತೂಕಡಿಸುವಾಗ ಒಂದು ಫೋಟೋ. ಫ್ಯಾಮಿಲಿ ಗ್ರೂಪಿಗೆ ಹಾಕಿದೆ: “ಪರಂಪರೆ ಮೊಣಕಾಲಿನವರೆಗೆ ಮಾತ್ರ!”

ಸೋಮವಾರ

ನಕ್ಕಿದ್ದೇ ನಕ್ಕಿದ್ದು ಎಲ್ಲರೂ. ಗ್ರೂಪಿನಲ್ಲಿ ತುಟಿ ಪಿಟಕ್ ಅನ್ನದ ಭಾವನವರೂ! ನನಗೋ ಉಬ್ಬೋ ಉಬ್ಬು.

ಗುರುವಾರ, ಊಟದ ಬಿಡುವು

ಗಿರಾಕಿಯೊಬ್ಬರು ಫ್ರೇಮ್ ಆರಿಸುತ್ತಾ ಫೋನ್ ತೋರಿಸಿದರು. “ನೋಡಿ ಮೇಡಂ, ಪರಂಪರೆ ಅಂತೆ. ಎಲ್ಲಾ ನಾಟಕ!”

ನಾನು ತೆಗೆದ ಫೋಟೋ. ಮೂಲೆಯಲ್ಲಿ ನನ್ನದೇ ಹಸಿರು ಚೀಲ. ಕೆಳಗೆ ಯಾರ್ಯಾರೋ ಉಗಿದಿದ್ದಾರೆ. ನಾನು ಬಿಗಿಮಾಡುತ್ತಿದ್ದ ಸ್ಕ್ರೂ ಕೈಜಾರಿ ಕೆಳಗೆ ಬಿತ್ತು.

ನಾದಿನಿಗೆ ಫೋನ್ ಮಾಡಿ ಕೂಗಾಡಿದೆ. “ನಾನು ಎರಡೇ ಗ್ರೂಪಿಗೆ ಕಳ್ಸಿದ್ದು ಅತ್ತಿಗೆ...” ಅಳು ಅವಳದ್ದು. ಬೆಂಕಿ ಹಚ್ಚಿದವಳು ನಾನು, ಗಾಳಿ ಹಾಕಿದವಳ ಮೇಲೆ ರೇಗಾಟ. ಛೀ.

ಭಾನುವಾರ, ಮಧ್ಯಾಹ್ನ, ವಾಪಸ್ ಬಸ್ಸಿನಲ್ಲಿ

ಹತ್ತು ದಿನ ಏನೂ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ. ಇವತ್ತು ಒಬ್ಬಳೇ ಹೋದೆ. ಚೀಲದಲ್ಲಿ ಕನ್ನಡಕ. ತಪ್ಪಾಯ್ತು ಅಂತ ಹೇಳಿಬಿಡುವುದು, ಆಮೇಲೆ ಬೈದರೆ ಬೈಸಿಕೊಳ್ಳುವುದು — ದಾರಿಯುದ್ದಕ್ಕೂ ಇದೇ ತಾಲೀಮು.

ಜಗಲಿಯ ರಾಟೆಯ ಮುಂದೆ ಅಜ್ಜಿಯ ಸೊಸೆ ಕೂತಿದ್ದಳು. “ಅತ್ತೆ ಇನ್ಮೇಲೆ ಹೊರಗೆ ಕೂರೋ ಹಾಗಿಲ್ವಂತೆ, ಕಮಿಟಿಯವರು ಹೇಳಿದ್ರು. ಯಾರೋ ಪುಣ್ಯಾತ್ಮರು ಫೋಟೋ ಹಾಕಿದ್ರಲ್ಲ... ಬೆಳಿಗ್ಗೆ ನಾನು ಎಳೆ ತೆಗೆಯುವಾಗ ಒಳಗೆ ಕೂತು ಸುಮ್ನೆ ಕೈ ಆಡಿಸ್ತಿರ್ತಾರೆ. ನೋಡೋಕಾಗಲ್ಲ.”

ಒಳಗೆ ಅಜ್ಜಿ ಬರಿಗಾಲಲ್ಲಿ ಕಲ್ಲು ನೆಲದ ಮೇಲೆ ಕೂತಿದ್ದರು. ಕಾಲುಚೀಲವನ್ನು ಒಲೆಗೆ ಹಾಕಿದರಂತೆ. ಹಿಮ್ಮಡಿ ನೋಡಲಾಗಲಿಲ್ಲ.

“ಬಂದ್ಯಾ ಮಗಳೇ! ನೀನು ಮಾತಿಗೆ ತಪ್ಪೋಳಲ್ಲ ಅಂತ ಸೊಸೆಗೆ ಹೇಳ್ತಾನೇ ಇದ್ದೆ.”

 ತಪ್ಪಾಯ್ತು ಅನ್ನಬೇಕಿದ್ದ ಬಾಯಿಗೆ ಬದಲು ಕೈ ಓಡಿತು. ಕನ್ನಡಕ ಹಾಕಿದೆ, ಕಿವಿಯ ಹಿಂದೆ ಕಡ್ಡಿ ಸರಿಮಾಡಿದೆ. ಅಜ್ಜಿ ತಮ್ಮ ಬೆರಳು ನೋಡಿಕೊಂಡರು. ನನ್ನ ಮುಖ ನೋಡಿದರು.

“ಅಯ್ಯೋ, ಯಾಕೆ ಹೀಗೆ ಬಿಳಚಿಕೊಂಡಿದ್ದೀಯ? ಇರ್ಲಿ. ಆ ಫೋಟೋ ನಿನ್ನ ಫೋನಿಗೂ ಬಂದಿರುತ್ತಲ್ಲ, ತೋರ್ಸು. ನಾನಿನ್ನೂ ನೋಡೇ ಇಲ್ಲ. ನೀರು ಕುಡಿಯೋಕೆ ಅಂತ ಎಷ್ಟೋ ಜನ ಒಳಗೆ ಬರ್ತಾರೆ. ಯಾರ ಕೆಲಸ ಅಂತ ಗೊತ್ತಾಗ್ಲಿ.”

ಬಂದಿಲ್ಲ ಅನ್ನಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಅದೇ ಹಸಿರು ಚೀಲ ನನ್ನ ತೊಡೆಯ ಮೇಲೆ. ಅದರೊಳಗಿಂದಲೇ ಫೋನ್ ತೆಗೆದು ಕೊಟ್ಟೆ.

ಅಜ್ಜಿ ಮೊದಲು ತಮ್ಮ ಕಾಲು ನೋಡಿ ನಕ್ಕುಬಿಟ್ಟರು. “ಥೂ, ಕೋಡಂಗಿ ಹಾಗಿದೀನಿ!” ಆಮೇಲೆ ಕನ್ನಡಕ ಒತ್ತಿಕೊಂಡು ಫೋನನ್ನು ಹತ್ತಿರ ಹಿಡಿದರು. ನಗು ನಿಂತಿತು. ಅವರ ಕಣ್ಣು ಫೋಟೋದ ಮೂಲೆಯ ಹಸಿರು ಚೀಲದಿಂದ ನನ್ನ ತೊಡೆಯ ಮೇಲಿದ್ದ ಚೀಲಕ್ಕೆ, ಅಲ್ಲಿಂದ ನನ್ನ ಮುಖಕ್ಕೆ ಬಂತು...